ಚಿತ್ರದ ಫೈಲಿನಲ್ಲಿ ಸುಳ್ಳು ಲೆಕ್ಕ

ಫೋಟೊ ಫೈಲ್ ತಾನಾಗಿ ಏನನ್ನೂ ಮಾಡುವುದಿಲ್ಲ. ಅದನ್ನು ಬಿಡಿಸಿ ಪರದೆಗೆ ತರುವ ಡಿಕೋಡರ್ ಎಂಬ ತಂತ್ರಾಂಶವೇ ದಾಳಿಕೋರರ ಗುರಿ. ಚಿತ್ರದ ಅಗಲ, ಎತ್ತರಗಳು ಫೈಲಿನ ಆರಂಭದಲ್ಲೇ ಇರುತ್ತವೆ. ಡಿಕೋಡರ್ ಅವನ್ನು ನಂಬಿ ಮೆಮೊರಿ ಕಾದಿರಿಸುತ್ತದೆ.

ಅಗಲ 32,768, ಎತ್ತರ 32,769, ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 4,29,50,98,368. ಆದರೆ 32 ಬಿಟ್‌ನ ಸಂಖ್ಯೆ 4,29,49,67,295ರ ಆಚೆ ಹೋಗದು. ವಾಹನದ ಮೀಟರ್‌ನಂತೆ ಸೊನ್ನೆಗೆ ಮರಳಿ ಮತ್ತೆ ಏರುತ್ತದೆ. ಕೊನೆಗೆ ಸಿಗುವುದು 1,31,072 ಬೈಟ್, ಅಂದರೆ ಒಂದೇ ಸಾಲಿಗೆ ಸಾಲುವಷ್ಟು ಜಾಗ. ಎರಡನೆಯ ಸಾಲು ಪಕ್ಕದ ಮೆಮೊರಿಯ ಮೇಲೆ ಬೀಳುತ್ತದೆ. ಬಹುತೇಕ ಸಲ ಪ್ರೋಗ್ರಾಂ ಕುಸಿದು ನಿಲ್ಲುತ್ತದೆ, ಅಷ್ಟೆ. ಆದರೆ ಪಕ್ಕದಲ್ಲಿ ಏನಿರಬೇಕೆಂದು ಮೊದಲೇ ಹೊಂದಿಸಿಟ್ಟವನ ಕೈಗೆ ಪ್ರೋಗ್ರಾಂನ ಹಿಡಿತವೇ ಸಿಗಬಹುದು.

2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಮಾದರಿಯ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ (ಹಲವು ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಸಿಕ್ಕ ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಚಿತ್ರದ ಮಾಹಿತಿಯನ್ನು ಕುಗ್ಗಿಸಿಟ್ಟ ಸಂಕೇತಗಳನ್ನು ಬಿಡಿಸಲು ಬೇಕಾದ ಹಫ್‌ಮನ್ ಕೋಷ್ಟಕಕ್ಕೆ ಗರಿಷ್ಠ ಎಷ್ಟು ಜಾಗ ಬೇಕೆಂದು ಮೊದಲೇ ಲೆಕ್ಕ ಹಾಕಿಡಲಾಗಿತ್ತು. ಸರಿಯಾದ ಸಂಕೇತಗಳಿಗೆ ಆ ಲೆಕ್ಕ ಸಾಕು. ತಪ್ಪು ಸಂಕೇತ ಕೊಟ್ಟರೆ ಕೋಷ್ಟಕ ಮಿತಿ ಮೀರಿ ಬೆಳೆಯುತ್ತಿತ್ತು. ಸಂಕೇತ ಸರಿಯಿದೆಯೇ ಎಂಬ ಪರೀಕ್ಷೆ ಇತ್ತು, ಆದರೆ ಬರೆದಾದ ಮೇಲೆ! ತಿದ್ದುಪಡಿಯಲ್ಲಿ ಮೊದಲು ಅಳತೆ, ಆಮೇಲೆ ಬರವಣಿಗೆ ಎಂದಾಯಿತು. ಈ ಪರಿಹಾರ 1.3.2 ಆವೃತ್ತಿಯಲ್ಲಿದೆ.

ಅಪ್‌ಡೇಟ್ ಆಯಿತು, ಇನ್ನು ಚಿಂತೆಯಿಲ್ಲ ಅಂದುಕೊಂಡಲ್ಲೇ ಜನ ಎಡವುವುದು. ಇದೇ ಲೈಬ್ರರಿ ಕ್ರೋಮ್‌ನಲ್ಲೂ ಇತ್ತು, ಫೈರ್‌ಫಾಕ್ಸ್‌ನಲ್ಲೂ ಇತ್ತು. ಡೆಸ್ಕ್‌ಟಾಪ್ ಆಪ್ ತಯಾರಿಸುವ ಎಲೆಕ್ಟ್ರಾನ್ ಎಂಬ ಸಾಧನ ಬಳಸಿ ಕಟ್ಟಿದ ಆಪ್‌ಗಳು ತಮ್ಮದೇ ಪ್ರತಿಯನ್ನು ಹೊತ್ತಿರುತ್ತವೆ. ಆಪರೇಟಿಂಗ್ ಸಿಸ್ಟಂನ ಪ್ರತಿ ಬದಲಾದರೂ ಅವುಗಳ ಪ್ರತಿ ಹಳೆಯದೇ. ಹಾಗಾಗಿ ಆಪ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಲೇಬೇಕು. ಚಾಲೂ ಇರುವ ಪ್ರೋಗ್ರಾಂ ಹಳೆಯ ಕೋಡನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುವುದರಿಂದ ಮುಚ್ಚಿ ಮತ್ತೆ ತೆರೆಯಬೇಕು; ಸರ್ವರ್‌ಗಳಲ್ಲಿ ಇದನ್ನು ಮರೆಯುವುದೇ ಹೆಚ್ಚು. ಲಿನಕ್ಸ್ ವಿತರಣೆಗಳು ಪರಿಹಾರವನ್ನು ಹಳೆಯ ಆವೃತ್ತಿಗೇ ಸೇರಿಸುವುದುಂಟು. ಅಲ್ಲಿ ಆವೃತ್ತಿ ಸಂಖ್ಯೆ ನೋಡಿ ತೀರ್ಮಾನಿಸಬೇಡಿ, ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲಿ ಈ ದೋಷದ ಗುರುತಿನ ಸಂಖ್ಯೆ ಸಿವಿಇ-2023-4863 ಇದೆಯೇ ನೋಡಿ.

ಬಳಕೆದಾರರು ಕಳಿಸಿದ ಚಿತ್ರಗಳನ್ನು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶದಿಂದ ಕುಗ್ಗಿಸುವ ಜಾಲತಾಣಗಳಿಗೆ ಇನ್ನೊಂದು ಎಚ್ಚರಿಕೆ. 2016ರಲ್ಲಿ ಅದರಲ್ಲಿ ಸಿಕ್ಕ ದೋಷದಿಂದ ಚಿತ್ರದೊಳಗೆ ಅಡಗಿಸಿದ ಆಜ್ಞೆಯನ್ನು ಸರ್ವರ್ ನಡೆಸಿಬಿಡುತ್ತಿತ್ತು. ಹೆಸರಿನ ಕೊನೆಯಲ್ಲಿ ಜೆಪೆಗ್ ಎಂದಿದೆಯೇ ಎಂದು ನೋಡಿದರೆ ಪ್ರಯೋಜನವಿಲ್ಲ, ಏಕೆಂದರೆ ಇಮೇಜ್‌ಮ್ಯಾಜಿಕ್ ಫೈಲಿನ ಒಳಗಿನ ಬೈಟ್‌ಗಳನ್ನು ನೋಡಿಯೂ ಮಾದರಿ ಗುರುತಿಸುತ್ತದೆ. ಏನೇನು ಮಾಡಬಹುದೆಂದು ಅದಕ್ಕೆ ಹೇಳುವ ಪಾಲಿಸಿ ಫೈಲಿನಲ್ಲಿ ಎಂವಿಜಿ, ಎಂಎಸ್‌ಎಲ್ (ಎರಡೂ ಇಮೇಜ್‌ಮ್ಯಾಜಿಕ್‌ನದೇ ಆಜ್ಞೆ ಬರೆಯುವ ಮಾದರಿಗಳು), ಯುಆರ್‌ಎಲ್‌ನಂಥ ಬೇಡದ ಮಾದರಿಗಳನ್ನು ನಿಷೇಧಿಸಿ. ಅಗಲ, ಎತ್ತರ, ಮೆಮೊರಿಗೆ ಮಿತಿಯನ್ನೂ ಅಲ್ಲೇ ಹಾಕಬಹುದು. ಅಪ್‌ಡೇಟ್ ಬಂದ ಮೇಲೂ ಈ ನಿರ್ಬಂಧಗಳನ್ನು ತೆಗೆಯಬೇಡಿ.