ಆಗುಂಬೆಯ ಮಳೆ, ಏಪ್ರಿಲ್‌ನ ಬಾವಿ

ಬೋರ್ ಪಾಯಿಂಟ್ ನೋಡಿಕೊಡಿ ಎಂದು ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಫೋನ್ ಬರುವುದು ಬೇಸಿಗೆ ಬಲಿತ ಮೇಲೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದೇ ತಾಲ್ಲೂಕಿನಲ್ಲಿ ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. "ಇಷ್ಟು ಮಳೆ ಬಿದ್ದೂ ಹಿಂಗಾದ್ರೆ ಹೆಂಗೆ ಸಾರ್?" ಎಂದು ಕೇಳುತ್ತಾರೆ. ಭೂವಿಜ್ಞಾನ ಓದಿದ ನಾನು ಮೊದಲು ಬಗ್ಗಿ ನೋಡುವುದು ಬಾವಿಯ ಗೋಡೆಯನ್ನು.

ನಮ್ಮ ಕಡೆ ಎಷ್ಟೋ ಬಾವಿಗಳು ಇಳಿದಿರುವುದು ಜಂಬಿಟ್ಟಿಗೆಯಲ್ಲಿ. ಮನೆ ಕಟ್ಟಲು ಕೊಯ್ದು ತರುತ್ತೇವಲ್ಲ, ಅದೇ ಕೆಂಪು ಕಲ್ಲು. ಅದರ ತುಂಬ ತೂತು, ಅಲ್ಲಲ್ಲಿ ಕೈ ಹೋಗುವಷ್ಟು ಪೊಳ್ಳು. ಅದರ ಕೆಳಗೆ ಶೇಡಿ, ಅಂದರೆ ಜೇಡಿಯಂಥ ನುಣುಪು ಮಣ್ಣು. ಶೇಡಿ ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹಾಗಾಗಿ ಸರಸರ ಇಳಿದು ಬಂದ ಮಳೆನೀರು ಶೇಡಿ ಮುಟ್ಟಿ, ಇಳಿಜಾರು ಹಿಡಿದು ಅಡ್ಡಕ್ಕೆ ಹರಿಯುತ್ತದೆ. ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬಿದ್ದು ಹಳ್ಳ ಸೇರುತ್ತದೆ. ಆಮೇಲೆ ತುಂಗೆಗೋ ಶರಾವತಿಗೋ ಹೋಯಿತು. ಜುಲೈನಲ್ಲಿ ಕೈಗೆಟುಕುವ ಹಾಗಿದ್ದ ನೀರು, ಮಳೆ ನಿಂತ ಮೇಲೆ ಯಾರೂ ಸೇದದಿದ್ದರೂ ಇಳಿಯುತ್ತಲೇ ಇರುತ್ತದೆ.

ಬೋರ್ ಕೊರೆಸಿದರೆ? ಶೇಡಿಯ ಕೆಳಗೆ ಗಟ್ಟಿ ಬಂಡೆ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಬರೀ ಪುಡಿ. ಸಿಕ್ಕ ಬಿರುಕಿಗೂ ಮೇಲಿನ ಮಳೆ ಇಳಿಯುವುದು ಸ್ವಲ್ಪ ಸ್ವಲ್ಪವೇ. ಹೀಗೆಂದರೆ ಕರೆದವರ ಮುಖ ಸಣ್ಣದಾಗುತ್ತದೆ. ತೆಂಗಿನಕಾಯಿ ಹಿಡಿದು ನೀರು ನೋಡುವವರಾದರೂ ಒಂದು ಜಾಗ ತೋರಿಸಿ ಹೋಗುತ್ತಾರೆ, ಅಲ್ವಾ!

ಆದರೆ ನನಗೆ ಬೇಸಿಗೆಗಿಂತ ಮಳೆಗಾಲದ ಬಾವಿಯ ಚಿಂತೆ ಜಾಸ್ತಿ. ಪೊಳ್ಳಿನಲ್ಲಿ ಓಡುವ ನೀರು ಸರಿಯಾಗಿ ಸೋಸುವುದಿಲ್ಲ. ಧರೆಯ, ಅಂದರೆ ಮನೆಯ ಪಕ್ಕದ ದಿಬ್ಬದ ಮೇಲೆ ಕೊಟ್ಟಿಗೆ, ಗೊಬ್ಬರದ ಗುಂಡಿ, ಕಕ್ಕಸಿನ ಗುಂಡಿ. ಕೆಳಗೆ ಅಂಗಳದಲ್ಲಿ ಬಾವಿ. ಗುಂಡಿಗೂ ಬಾವಿಗೂ 15 ಮೀಟರ್ ಅಂತರ ಸಾಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಜಂಬಿಟ್ಟಿಗೆಯಲ್ಲಿ, ಅದೂ ಗುಂಡಿ ಮೇಲಿದ್ದು ಬಾವಿ ಕೆಳಗಿದ್ದರೆ, ನಾನು ಈ ಲೆಕ್ಕ ನಂಬುವುದಿಲ್ಲ. ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಕೂಡದು ಎನ್ನುತ್ತದೆ ಭಾರತೀಯ ಮಾನದಂಡ. ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂದರೆ ಅದು ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ ಸುಮ್ನೆ ಕೂರಬೇಡಿ. ಮೊದಲ ದೊಡ್ಡ ಮಳೆ ಆದ ಮೇಲೆ ಮಾಡಿಸಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸುರಕ್ಷಿತ ನೀರಿನ ಲೆಕ್ಕ ಹಾಕುವಾಗ ಮೂರು ವಿಷಯ ನೋಡುತ್ತವೆ. ಮನೆಯ ಹತ್ತಿರವೇ ಇದೆಯೇ, ಬೇಕಾದಾಗ ಸಿಗುತ್ತದೆಯೇ, ಕೊಳೆ ಸೇರಿಲ್ಲವೇ. 2022ರ ಅಂದಾಜಿನಂತೆ ಜಗತ್ತಿನ 220 ಕೋಟಿ ಜನರಿಗೆ ಈ ಮೂರೂ ಕೂಡಿದ ನೀರು ಇರಲಿಲ್ಲ. ಅಂಗಳದಲ್ಲೇ ಬಾವಿ ಇರುವ ಮಲೆನಾಡಿನ ಮನೆ ಮೊದಲನೆಯದರಲ್ಲಿ ಪಾಸು. ಏಪ್ರಿಲ್‌ನಲ್ಲಿ ಎರಡನೆಯದು ಕೈಕೊಡುತ್ತದೆ, ಜುಲೈನಲ್ಲಿ ಮೂರನೆಯದು. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಗುರಿ ತಲೆಗೆ ದಿನಕ್ಕೆ 55 ಲೀಟರ್. ನಲ್ಲಿ ಬಂದಿರಬಹುದು, ಆದರೆ ಪೈಪಿನ ಆ ತುದಿಯಲ್ಲಿ ಇರುವುದೂ ಎಷ್ಟೋ ಕಡೆ ಬಾವಿಯೋ ಬೋರೋ ತಾನೆ?

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಒಂದು ಹಿಡಿ ಎಸೆದು ಕೈತೊಳೆದುಕೊಳ್ಳುತ್ತಾರೆ. ಅದಕ್ಕೊಂದು ಲೆಕ್ಕ ಇದೆ. 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಪೌಡರ್ 24 ಗ್ರಾಂ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಡಿ. ಮೇಲಿನ ತಿಳಿಯನ್ನಷ್ಟೇ ಬಾವಿಗೆ ಸುರಿದು, ಕೊಡ ಇಳಿಬಿಟ್ಟು ಕಲಕಿ. ಕಡಿಮೆ ಎಂದರೆ ಒಂದು ಗಂಟೆ ಸೇದಬೇಡಿ. ರಾತ್ರಿ ಹಾಕಿದರೆ ಒಳ್ಳೆಯದು. ನೀರು ಕೆಂಪಾಗಿ ಕದಡಿದ್ದರೆ ಈ ಅಳತೆ ಸಾಲದು. ಇನ್ನೊಂದು ಮಾತು. ನಮ್ಮ ಕಡೆಯ ತೇವದ ಹವೆಗೆ ಪೌಡರಿನ ಶಕ್ತಿ ಬೇಗ ಹೋಗುತ್ತದೆ. ಕಳೆದ ವರ್ಷದ್ದು ಗಂಟುಕಟ್ಟಿ, ವಾಸನೆಯೂ ಇಲ್ಲದೆ ಕೂತಿದ್ದರೆ ಅದನ್ನು ನಂಬಬೇಡಿ. ಏನೇ ಹಾಕಿದರೂ ಕುಡಿಯುವ ನೀರನ್ನು ಕುದಿಸುವುದು ಬಿಡಬೇಡಿ.

ಇನ್ನು ಬೇಸಿಗೆಯ ವಿಚಾರ. ಬಯಲುಸೀಮೆಯ ಇಂಗುಗುಂಡಿಯನ್ನು ಹಾಗೇ ಇಲ್ಲಿಗೆ ತಂದರೆ ಆಗುವುದಿಲ್ಲ. ಬಾವಿಯ ಪಕ್ಕದಲ್ಲೇ ಗುಂಡಿ ತೋಡಿ ಅಂಗಳದ ನೀರು ಬಿಟ್ಟರೆ, ಸಗಣಿ ನೀರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಕಡಿದಾದ ಧರೆಯ ಮೇಲಂತೂ ಬೇಡವೇ ಬೇಡ. ಶೇಡಿ ನೆನೆದರೆ ಧರೆಯೇ ಜಾರುತ್ತದೆ. ನನ್ನ ಮತ ಸೊಪ್ಪಿನಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ. ಬೆಟ್ಟದ ದರಗನ್ನು, ಅಂದರೆ ಉದುರಿದ ಒಣ ಎಲೆಯನ್ನು, ಬೋಳಾಗುವಷ್ಟು ಗುಡಿಸಿ ತೋಟಕ್ಕೆ ಹೊತ್ತರೆ ಮಳೆ ನೇರ ಮಣ್ಣಿಗೆ ಹೊಡೆದು ಮೇಲಿಂದಲೇ ಓಡುತ್ತದೆ. ಒಂದಿಷ್ಟು ಅಲ್ಲೇ ಉಳಿಸಿ. ಬಾವಿಯ ಕೆಳಗಿನ ಹಳ್ಳಕ್ಕೆ ನವೆಂಬರ್, ಡಿಸೆಂಬರ್‌ನಲ್ಲಿ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕಿ. ಹಳ್ಳದ ನೀರು ಏರಿ ನಿಂತಷ್ಟು ದಿನ ಗುಡ್ಡದ ನೀರು ನಿಧಾನಕ್ಕೆ ಇಳಿಯುತ್ತದೆ. ಹಳ್ಳ ಬತ್ತಿದ ಮೇಲೆ ಕಟ್ಟ ಹಾಕಿ ಪ್ರಯೋಜನವಿಲ್ಲ. ಮುಂಗಾರಿಗೆ ಮುಂಚೆ ಮರೆಯದೆ ಬಿಚ್ಚಿ. ಇಲ್ಲದಿದ್ದರೆ ಮೊದಲ ನೆರೆಗೆ ಪಕ್ಕದವರ ತೋಟ ಕೊರೆದುಹೋಗಿ, ಪಂಚಾಯಿತಿ ಕೂರಬೇಕಾಗುತ್ತದೆ.