ಸಕ್ಕರೆ ಸುಡಲು ಹೆದರಬೇಡಿ

ಡಿಸೆಂಬರ್ ಬಂತೆಂದರೆ ಮಂಗಳೂರಿನ ಕಂಕನಾಡಿಯ ನಮ್ಮ ಬೇಕರಿಯಲ್ಲಿ ದಿನಾ ಒಂದೇ ಪ್ರಶ್ನೆ: "ಅಜ್ಜಿ ಮಾಡ್ತಿದ್ದ ಹಾಗಿನ ಪ್ಲಮ್ ಕೇಕ್ ಉಂಟಾ?" ಕೇಳುವವರಿಗೆಲ್ಲ ಅನುಮಾನ ರಮ್ಮಿನ ಮೇಲೆ. ರಮ್ ಜಾಸ್ತಿ ಹಾಕಿದರೆ ಹಳೇ ರುಚಿ ಬರುತ್ತದೆ ಅಂತ. ನನ್ನ ಲೆಕ್ಕದಲ್ಲಿ ಆ ರುಚಿ ಇರುವುದು ಸುಟ್ಟ ಸಕ್ಕರೆಯಲ್ಲಿ.

ಹೆಸರಿನಲ್ಲಿರುವ ಪ್ಲಮ್ ಹಣ್ಣು ಕೇಕಿನಲ್ಲಿ ಇರಲೇಬೇಕೆಂದಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಒಣದ್ರಾಕ್ಷಿಗೂ ಪ್ಲಮ್ ಎನ್ನುತ್ತಿದ್ದರು. ಜನವರಿ 6ರ ಹಬ್ಬಕ್ಕೆ ಅಲ್ಲಿ ಮಾಡುತ್ತಿದ್ದ ದೊಡ್ಡ ಕೇಕ್ 19ನೇ ಶತಮಾನದಲ್ಲಿ ಕ್ರಿಸ್‌ಮಸ್‌ಗೆ ಸರಿಯಿತು. ನಮ್ಮ ಕರಾವಳಿಯ ಕಥೆ 1883ರ ಕೇರಳದ ತಲಶ್ಶೇರಿಯದು. ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕ್ ತಂದು ರುಚಿ ತೋರಿಸಿದ. ಮಾಂಬಳ್ಳಿ ಬಾಪು ತಮ್ಮ ಬಿಸ್ಕತ್ ಕಾರ್ಖಾನೆಯಲ್ಲಿ ಅದನ್ನು ಮಾಡಿಕೊಟ್ಟರು. ಬ್ರಾಂದಿಯ ಬದಲು ಊರಿನ ಗೇರುಹಣ್ಣು, ಬಾಳೆಹಣ್ಣಿನ ಮದ್ಯ ಹಾಕಿದರಂತೆ.

ನಮ್ಮಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ. ಅವೆಲ್ಲ ಮನೆಯಲ್ಲೇ ಆಗುತ್ತಿದ್ದವು. ಕೇಕಿಗೆ ಮಾತ್ರ ಓವನ್ ಬೇಕಲ್ವಾ? ಹಿಟ್ಟು ಕಲಸಿ, ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿ ಬೇಕರಿಗೆ ತರುತ್ತಿದ್ದರು. ಬೆಳಗ್ಗೆ ಬ್ರೆಡ್ ತೆಗೆದ ಮೇಲೆ ಸೌದೆ ಒಲೆಯ ಕಾವು ಇಳಿಯುತ್ತಾ ಹೋಗುತ್ತದೆ. ಅಪ್ಪ ಆ ಇಳಿಗಾವಿನಲ್ಲೇ ಕೇಕ್ ಇಡುತ್ತಿದ್ದರು. ಹಣ್ಣು ತುಂಬಿದ ಹಿಟ್ಟಿಗೆ ಅದೇ ಸರಿ.

ಈಗ ಸಕ್ಕರೆ. ದಪ್ಪ ತಳದ ಪಾತ್ರೆಯಲ್ಲಿ ಒಂದು ಕಪ್ ಸಕ್ಕರೆ, ನೀರಿಲ್ಲದೆ. ಮೊದಲು ಜೇನಿನ ಬಣ್ಣ. ಹೆಚ್ಚಿನವರು ಅಲ್ಲಿಗೇ ಹೆದರಿ ಇಳಿಸುತ್ತಾರೆ. ಕಾಯಿರಿ. ಡಿಕಾಕ್ಷನ್ ಬಣ್ಣ ಬಂದು, ಅಂಚಿನಲ್ಲಿ ನೊರೆ ಎದ್ದು, ಮೂಗಿಗೆ ತುಸು ಕಹಿ ಹೊಗೆ ಹತ್ತಬೇಕು. ಆಗ ಒಲೆ ಆರಿಸಿ, ದೂರ ನಿಂತು, ಅರ್ಧ ಕಪ್ ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕಿ. ತಣ್ಣೀರು ಸುರಿದರೆ ಜೋರಾಗಿ ಸಿಡಿಯುತ್ತದೆ. ನನ್ನ ಎಡಗೈಯ ಕಲೆ ಅದರದ್ದೇ.

ಒಂದು ವರ್ಷ ಆರ್ಡರ್ ಜಾಸ್ತಿಯಾಗಿ ಬಾಟಲಿಯ ಕ್ಯಾರಮೆಲ್ ಬಣ್ಣ ಹಾಕಿದ್ದೆ. ನೋಡಲು ಕಪ್ಪು, ತಿಂದರೆ ಬರೀ ಸಿಹಿ. ಆ ಕಹಿ ಇಲ್ಲದಿದ್ದರೆ ದ್ರಾಕ್ಷಿಯ ಸಿಹಿ ನಾಲಿಗೆಗೆ ಹೊಡೆಯುತ್ತದೆ.

ಈಗ ಮನೆಯಲ್ಲೇ ಕೇಕ್ ಮಾಡಿ ಮಾರುವ ಹುಡುಗಿಯರು ಅಕ್ಟೋಬರ್‌ನಲ್ಲೇ ಹಣ್ಣು ನೆನೆಸಿಡುತ್ತಾರೆ, ಖುಷಿ. ರಮ್ ಬೇಡದವರಿಗೆ ಕಿತ್ತಳೆ ರಸವೂ ಆಗುತ್ತದೆ, ಆದರೆ ಅದರಲ್ಲಿ ಹಣ್ಣನ್ನು ಹಿಂದಿನ ರಾತ್ರಿ ನೆನೆಸಿದರೆ ಸಾಕು, ಫ್ರಿಜ್‌ನಲ್ಲಿಡಿ. ಓವನ್ 150 ಡಿಗ್ರಿ ದಾಟಬಾರದು. ಒಂದು ಕಿಲೋ ಕೇಕಿಗೆ ಎರಡು ಗಂಟೆ ಬೇಕು. ಡಬ್ಬಿಯ ಹೊರಗೆ ನ್ಯೂಸ್‌ಪೇಪರ್ ನಾಲ್ಕು ಸುತ್ತು ಸುತ್ತಿ ದಾರ ಕಟ್ಟಿ, ಅಂಚು ಕರಟುವುದಿಲ್ಲ. ಬೆಂದ ದಿನವೇ ಕತ್ತರಿಸಬೇಡಿ. ನಮ್ಮಲ್ಲಿ 25ಕ್ಕೆ ಕೊಡುವ ಕೇಕ್ 10ರೊಳಗೆ ಬೆಂದಿರುತ್ತದೆ.