ಗೈಲಾರ್ಡಿಯಾ: ಬಿಸಿಲಿನ ಗಿಡವನ್ನು ಉಳಿಸಿಕೊಳ್ಳುವ ಬಗೆ

ಗೈಲಾರ್ಡಿಯಾ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಅಮೆರಿಕ ಖಂಡಗಳನ್ನು ತವರಾಗಿ ಉಳ್ಳ ಗಿಡ. ಬೀಜ ಕೊಳ್ಳುವಾಗ ಪ್ರಭೇದವನ್ನು ಗಮನಿಸಬೇಕು: ಪುಲ್ಚೆಲ್ಲಾ ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಮುಗಿಯುತ್ತದೆ, ಅರಿಸ್ಟಾಟಾ ಬಹುವಾರ್ಷಿಕ, ಇವೆರಡರ ಸಂಕರವಾದ ಗ್ರಾಂಡಿಫ್ಲೋರಾ ಕೂಡ ಬಹುವಾರ್ಷಿಕವೇ, ಆದರೆ ಅಲ್ಪಾಯುಷಿ. ಎರಡು ಮೂರು ವರ್ಷಗಳಲ್ಲಿ ಅದು ಸೊರಗಿದರೆ ಬೆಳೆಸಿದವರ ತಪ್ಪೆಂದು ಕೊರಗಬೇಕಿಲ್ಲ. ಹೂ ಬಿಡುವುದರಲ್ಲೇ ಶಕ್ತಿಯನ್ನೆಲ್ಲ ವ್ಯಯಿಸಿ, ಬುಡದ ಚಿಗುರಿಗೆ ಏನನ್ನೂ ಉಳಿಸಿಕೊಳ್ಳದಿರುವುದು ಈ ಗಿಡದ ಸ್ವಭಾವ.

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಜಾಗ ಇದಕ್ಕೆ ಬೇಕು. ನೆರಳಿನಲ್ಲಿ ಕಾಂಡ ಉದ್ದವಾಗಿ ಬೆಳೆದು ಬಾಗುತ್ತದೆ, ಹೂವೂ ಕಡಿಮೆಯಾಗುತ್ತದೆ. ಆದರೂ ಕಲಿಯುವವರು ಬಿಸಿಲಿಗಿಂತ ಹೆಚ್ಚು ಯೋಚಿಸಬೇಕಾದದ್ದು ನೀರು ಬಸಿದುಹೋಗುವ ಬಗೆಯನ್ನು. ಬೇರೂರಿದ ಗಿಡ ಬರವನ್ನು ತಾಳಿಕೊಳ್ಳುತ್ತದೆ. ನೀರು ನಿಲ್ಲುವ ಜೇಡಿಮಣ್ಣಿನಲ್ಲಿ, ಅದರಲ್ಲೂ ಚಳಿ ಮತ್ತು ತೇವ ಒಟ್ಟಿಗೆ ಬಂದಾಗ, ಬೇರಿನ ಸುತ್ತ ಗಾಳಿಯಾಡದೆ ಬುಡ ಕೊಳೆಯುತ್ತದೆ. ಆದ್ದರಿಂದ ಮರಳುಮಿಶ್ರಿತ ಮಣ್ಣು ಅಥವಾ ಎತ್ತರಿಸಿದ ಮಡಿ ಒಳ್ಳೆಯದು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರುಣಿಸಬೇಕು. ಬಾಡಿದ ಎಲೆ ಕಂಡೊಡನೆ ನೀರಿನ ಕೊಡಕ್ಕೆ ಕೈಹಾಕುವುದು ಅಪಾಯ, ಏಕೆಂದರೆ ಕೊಳೆತ ಬೇರೂ ಎಲೆಯನ್ನು ಹಾಗೆಯೇ ಬಾಡಿಸುತ್ತದೆ. ಮೊದಲು ಬೆರಳಿನಿಂದ ಮಣ್ಣನ್ನು ಮುಟ್ಟಿ ನೋಡಬೇಕು.

ಗೊಬ್ಬರದಲ್ಲಿಯೂ ಕೈ ಬಿಗಿಹಿಡಿಯಬೇಕು. ಸಾರಜನಕ ಹೆಚ್ಚಾದರೆ ಸೊಪ್ಪು ಹುಲುಸಾಗಿ ಬರುತ್ತದೆಯೇ ಹೊರತು ಹೂವಲ್ಲ.

ಬೀಜ ಮೊಳೆಯಲು ಬೆಳಕು ಸಹಾಯಕವಾದ್ದರಿಂದ ಅದನ್ನು ಆಳಕ್ಕೆ ಹೂಳದೆ, ಮಣ್ಣಿನ ಮೇಲೆ ಚೆಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಸುಮಾರು 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು ಮೂರು ವಾರಗಳೊಳಗೆ ಮೊಳಕೆ ಕಾಣಿಸುತ್ತದೆ. ಸಂಕರ ತಳಿಯ ಬೀಜದಿಂದ ತಾಯಿಗಿಡದಂಥದ್ದೇ ಬಣ್ಣ ಬರುವ ಭರವಸೆಯಿಲ್ಲ. ಮೆಚ್ಚಿದ ಗಿಡವನ್ನೇ ಉಳಿಸಿಕೊಳ್ಳಬೇಕೆನ್ನುವವರು ಬುಡವನ್ನು ಬೇರುಸಹಿತ ಭಾಗಮಾಡಿ ನೆಡಬೇಕು.

ನಾವು ಒಂದು ಹೂವೆಂದು ಕರೆಯುವುದು ನಿಜಕ್ಕೂ ಅನೇಕ ಪುಟ್ಟ ಹೂಗಳ ಗುಚ್ಛ. ಅಂಚಿನ ಕೆಂಪು–ಹಳದಿ ಎಸಳುಗಳು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಬೀಜವಾಗುವುದು ನಡುವಿನ ತಟ್ಟೆಯಲ್ಲಿ. ಎಸಳುದುರಿದ ಗುಂಡು ತಲೆಗಳನ್ನು ತೊಟ್ಟಿನೊಂದಿಗೆ ಕತ್ತರಿಸಿಹಾಕಿದರೆ ಬೀಜಕ್ಕೆ ಹೋಗಬೇಕಾದ ಆಹಾರ ಉಳಿದು ಹೊಸ ಮೊಗ್ಗುಗಳು ಬರುತ್ತವೆ. ಆ ಗುಂಡುಗಳೂ ನೋಡಲು ಚೆನ್ನಾಗಿರುವುದರಿಂದ ಕತ್ತರಿಸಲು ಮನಸ್ಸಾಗದಿರುವುದು ಬೇರೆ ಮಾತು. ಹೂಕಾಲ ಮುಗಿಯುವ ಮುನ್ನವೇ ಇಡೀ ಗಿಡವನ್ನು ತಗ್ಗಿಸಿ ಕತ್ತರಿಸುವುದು ಇನ್ನೂ ಮುಖ್ಯ: ಆಗ ಬುಡದಲ್ಲಿ ಹೊಸ ಎಲೆಗಳು ಮೂಡಿ, ಗಿಡ ಮುಂದಿನ ವರ್ಷವನ್ನು ಕಾಣುವ ಸಂಭವ ಹೆಚ್ಚುತ್ತದೆ.

ರೋಗಗಳಲ್ಲಿ ಬೂದಿರೋಗಕ್ಕೆ ಗಿಡಗಳ ನಡುವೆ ಗಾಳಿಯಾಡಲು ಅಂತರ ಬಿಡುವುದೇ ಮೊದಲ ಉಪಾಯ. ಜಿಗಿಹುಳುಗಳು ಹರಡುವ ಆಸ್ಟರ್ ಹಳದಿ ರೋಗಕ್ಕೆ ಮಾತ್ರ ಮದ್ದಿಲ್ಲ. ಹೂಗಳು ಹಸಿರಾಗಿ ವಿಕಾರಗೊಂಡ ಗಿಡವನ್ನು ಕೂಡಲೇ ಕಿತ್ತು, ತೋಟದಿಂದ ಹೊರಹಾಕಬೇಕು.